ನಾರಾಯಣಮ್ಮನ ತಾರಸಿಯ ಡಬ್ಬಿ

ಕಳೆದ ಶನಿವಾರ, ಬೆಳಗಿನ ಆರೂವರೆ. ಸ್ಥಳ, ಮುಳಬಾಗಿಲಿನ ನಮ್ಮ ಮನೆಯ ಅಡುಗೆಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಲಲಿತ ಮತ್ತು ಅವಳ ತಮ್ಮ ಮುನಿರಾಜು. ಮುನಿರಾಜುವಿನ ಮುಂದೆ ಕಾಫಿ ಲೋಟವಿತ್ತು. ಅವನು ಅದನ್ನು ಮುಟ್ಟಿರಲಿಲ್ಲ.

ಗಾಬರಿ ಹುಟ್ಟಿಸಿದ್ದು ಈ ಕೊನೆಯ ಸಂಗತಿ. ನನ್ನ ಭಾವಮೈದುನ ತನ್ನ ಮದುವೆಯ ದಿನ ಹಸೆಮಣೆಯ ಮೇಲೆ ಕೂತೇ ಕಾಫಿ ಕೇಳಿದವನು.

(ಹಳೆಯ ಓದುಗರಿಗೆ ಗೊತ್ತು, ನಾನು ರಿಟೈರ್ಡ್ ಸ್ಟೇಷನ್ ಮಾಸ್ಟರ್. ಟೇಕಲ್, ಮಾಲೂರಿನಲ್ಲಿ ಸರ್ವೀಸು ಮುಗಿಸಿ, ರೈಲೇ ಬಾರದ ಮುಳಬಾಗಿಲಿಗೆ ಬಂದು ನೆಲೆಸಿದ್ದೇನೆ. ಆದರೂ ಗಡಿಯಾರ ನೋಡದೆ ಯಾವ ಸಂಗತಿಯನ್ನೂ ಹೇಳಲು ಬರುವುದಿಲ್ಲ. ಸಹಿಸಿಕೊಳ್ಳಿ.)

“ಏನಾಯ್ತೋ?” ಅಂದೆ.

“ಸಾಯಂಕಾಲ ಐದಕ್ಕೆ ಕಂಪನಿಯೋನು ಬರ್ತಾನೆ ಭಾವ. ಎಲ್ಲಾರ ಸಹೀನೂ ಆಗಿದೆ. ಒಂದು ಬಿಟ್ಟು.”

“ಯಾರದು?”

ಅವನು ಅಕ್ಕನ ಮುಖ ನೋಡಿದ. “ಮಿಲ್ ನಾರಾಯಣಮ್ಮಂದು.”

ಲಲಿತ ಸ್ಟವ್ ಆರಿಸಿದಳು. “ಮುಗೀತು ಬಿಡು,” ಅಂದಳು.

ಮುನಿರಾಜು ಯಾರು, ನಾರಾಯಣಮ್ಮ ಯಾರು, ಒಂದು ಸಹಿಗೆ ಇಷ್ಟು ಯಾಕೆ ಬೆವರಬೇಕು? ಹೇಳುತ್ತೇನೆ.

ಮುನಿರಾಜು ಕಾಲೇಜನ್ನು ಅರ್ಧಕ್ಕೆ ಬಿಟ್ಟು ಒಂದು ಕಲರ್ ಟೀವಿ, ಒಂದು ವಿಸಿಆರ್ ಇಟ್ಟುಕೊಂಡು ಬದುಕು ಶುರು ಮಾಡಿದವನು. ಸೈಕಲ್ ಕ್ಯಾರಿಯರ್ ಮೇಲೆ ಟೀವಿ. ಪೆಟ್ಟು ಬೀಳದಿರಲೆಂದು ಅದಕ್ಕೆ ಸುತ್ತಿದ್ದು ಅವನ ಅಮ್ಮನ ಹಳೆಯ ಸೀರೆ. ಹಳ್ಳಿಗಳಲ್ಲಿ ಗೌರಿ ಗಣೇಶ ಕೂರಿಸಿದ ಕಡೆಯೆಲ್ಲ ಬೆಳಗಿನ ತನಕ ಸಿನಿಮಾ ಹಾಕುತ್ತಿದ್ದ. ಆಮೇಲೆ ಮನೆಯ ಹಿತ್ತಿಲಲ್ಲಿ ಒಂದು ದೈತ್ಯ ಜಾಲರಿ ಡಿಶ್ ನಿಲ್ಲಿಸಿದ. ಊರಿನವರು ಬೇಲಿಯಾಚೆ ನಿಂತು, “ಇಷ್ಟು ದೊಡ್ಡ ಜರಡೀಲಿ ಯಾವ ಹಿಟ್ಟು ಹಿಡೀತೀಯೋ?” ಅಂತ ಕೇಳುತ್ತಿದ್ದರು. ಅವತ್ತಿನಿಂದ ಅವನು ಡಿಶ್ ಮುನಿರಾಜು.

ಹಿಟ್ಟು ಬಿತ್ತು. ಮೊದಲು ನಮ್ಮ ಬೀದಿ, ಆಮೇಲೆ ಪೇಟೆ, ಆಮೇಲೆ ಊರು. ಇದು ಆಂಧ್ರದ ಅಂಚಿನ ಊರು. ಒಂದೇ ಮನೆಯಲ್ಲಿ ಅತ್ತೆಗೆ ತೆಲುಗು ಸೀರಿಯಲ್ಲು, ಸೊಸೆಗೆ ಕನ್ನಡ ಸೀರಿಯಲ್ಲು. ಸಿಗ್ನಲ್ ಹೋದರೆ ಮುನಿರಾಜುವಿಗೆ ಎರಡೂ ಭಾಷೆಯಲ್ಲಿ ಬೈಗುಳ. ಬೈಸಿಕೊಂಡೇ ಶ್ರೀನಿವಾಸಪುರಕ್ಕೆ ಹೋದ, ಕೋಲಾರಕ್ಕೆ ಹೋದ, ಮಾಲೂರಿನಲ್ಲಿ ಆಫೀಸು ತೆರೆದ. ಸೆಟ್‌ಟಾಪ್ ಬಾಕ್ಸ್ ಬಂದಾಗ ಸಣ್ಣ ಆಪರೇಟರುಗಳೆಲ್ಲ ಅಂಗಡಿ ಮುಚ್ಚುವ ಮಾತಾಡುತ್ತಿದ್ದರು. ಇವನು ಮನೆ ಮನೆಗೆ ಹೋಗಿ ಅವರನ್ನೆಲ್ಲ ಒಂದು ಕಂಪನಿಯ ಕೆಳಗೆ ತಂದ. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಅವನನ್ನು ಕರೆದು ಡೈರೆಕ್ಟರ್ ಮಾಡಿತು.

ಆಗ ನಾನು ಮಾಲೂರು ಸ್ಟೇಷನ್ನಿನಲ್ಲಿದ್ದೆ. ಡೈರೆಕ್ಟರ್ ಸಾಹೇಬರು ಕೋಟು ತೊಟ್ಟು, ನನ್ನ ಆಫೀಸಿನ ಬೆಂಚಿನ ಮೇಲೆ ಕೂತು, ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ತಿಂದು ಟ್ರೈನು ಹತ್ತುತ್ತಿದ್ದರು. ಕೋಟಿನ ಮೇಲೆ ಕಡಲೆಬೀಜದ ಸಿಪ್ಪೆ. ಒಂದು ದಿನ ಕೋಟು ಕೈಯಲ್ಲಿ ಹಿಡಿದು ವಾಪಸ್ ಬಂದ.

“ಮೀಟಿಂಗಲ್ಲಿ ಕೇಳ್ತಾರೆ ಭಾವ, ಗಿರಾಕಿಗಳು ಬಿಟ್ಟುಹೋದ್ರೆ ನಿಮ್ಮ ಸ್ಟ್ರಾಟಜಿ ಏನು ಅಂತ. ಮನೆಗೆ ಹೋಗಿ, ಯಾಕ್ರಣ್ಣಾ ಏನಾಯ್ತು ಅಂತ ಕೇಳ್ತೀನಿ ಅಂದೆ. ಎಲ್ಲಾ ನಕ್ಕುಬಿಟ್ರು. ನಾನೇನು ಜೋಕ್ ಹೇಳಿದ್ನಾ?”

ಡೈರೆಕ್ಟರ್‌ಗಿರಿ ಬಿಟ್ಟ. ಊರಿಗೆ ಬಂದು ಅದೇ ದಾರಿಯಲ್ಲಿ ಇಂಟರ್‌ನೆಟ್ ವೈರು ಎಳೆದ. ಈಗ ಮತ್ತೊಂದು ಕಂಪನಿ ಬಂದಿದೆ. ಇವನ ಜಾಲವನ್ನು ತನ್ನ ಜೊತೆ ಸೇರಿಸಿಕೊಳ್ಳುತ್ತದಂತೆ. ಇವನೇ ಇಲ್ಲಿನ ಮುಖ್ಯಸ್ಥ. ಲೈನ್‌ಮನ್‌ಗಳೆಲ್ಲ ಕಂಪನಿಯ ಖಾಯಂ ನೌಕರರು. ಷರತ್ತು ಒಂದೇ: ವೈರು ಯಾರ್‍ಯಾರ ಮನೆಯ ಮೇಲೆ ಹಾಯುತ್ತದೋ ಅವರೆಲ್ಲರ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಶನಿವಾರ ಸಂಜೆಯೊಳಗೆ ಕೊಡದಿದ್ದರೆ ಕಂಪನಿ ತನ್ನದೇ ಹೊಸ ಲೈನು ಎಳೆಯುತ್ತದೆ, ತನ್ನದೇ ಜನ ಇಟ್ಟುಕೊಳ್ಳುತ್ತದೆ. ಆಗ ಬಾಷಾನಂಥವರ ಗತಿ?

(ಬಾಷಾ ಅಂದರೆ ಮುನಿರಾಜುವಿನ ಜೊತೆ ಮೊದಲ ದಿನದಿಂದ ಏಣಿ ಹೊತ್ತ ಲೈನ್‌ಮನ್. ಈಗ ಗಡ್ಡ ನೆರೆತಿದೆ. ಈ ವಯಸ್ಸಿನಲ್ಲಿ ಅವನಿಗೆ ಹೊಸ ಕೆಲಸ ಯಾರು ಕೊಡುತ್ತಾರೆ?)

ಬರವಣಿಗೆಯ ಒಪ್ಪಿಗೆ! ನಮ್ಮ ಕಡೆ ಕೇಬಲ್ ಬಂದದ್ದು ಹಾಗಲ್ಲ ಸ್ವಾಮಿ. ಮನೆಯ ಮುಂದೆ ನಿಂತು, “ಅಕ್ಕಾ, ನಿಮ್ಮ ಮೋಲ್ಡ್ ಮೇಲೆ ಒಂದು ಮೊಳೆ ಹೊಡ್ಕೊಳ್ಳಲಾ?” ಅನ್ನುವುದು. ಮೋಲ್ಡ್ ಅಂದರೆ ತಾರಸಿ. “ಹೊಡ್ಕೋ, ಒಣಗಾಕಿರೋ ಮೆಣಸಿನಕಾಯಿ ತುಳೀಬೇಡ,” ಅಂತ ಒಳಗಿನಿಂದ ಉತ್ತರ. ಅಷ್ಟೇ ಕರಾರು. ಪ್ರತಿಯಾಗಿ ಆ ಮನೆಗೆ ಕನೆಕ್ಷನ್ ಫ್ರೀ. ನಾಲ್ಕು ತಾಲ್ಲೂಕಿನ ಟೀವಿ ನಿಂತಿರುವುದು ಇಂಥ ಮೊಳೆಗಳ ಮೇಲೆ.

ಅದರಲ್ಲಿ ದೊಡ್ಡ ಮೊಳೆ ನಾರಾಯಣಮ್ಮನವರದು. ಪೇಟೆ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು. ಆ ಕಾಲಕ್ಕೆ ಬೀದಿಯಲ್ಲಿ ಎಲ್ಲಕ್ಕಿಂತ ಎತ್ತರದ ಮನೆ ಅವರದೇ. ಹಾಗಾಗಿ ನಾಲ್ಕು ದಿಕ್ಕಿನ ವೈರು ಬಂದು ಸೇರುವ ಕಬ್ಬಿಣದ ಡಬ್ಬಿ ಅವರ ತಾರಸಿಯ ಗೋಡೆಗೆ ಕೂತಿತು.

“ಡಬ್ಬಿ ಬೇರೆ ಕಡೆ ಸಾಗಿಸೋಕಾಗಲ್ವೇನೋ?” ಅಂದೆ.

“ಜಂಕ್ಷನ್ ಸ್ಟೇಷನ್ನ ಒಂದೇ ದಿನದಲ್ಲಿ ಎತ್ತಿ ಪಕ್ಕಕ್ಕಿಡ್ತೀರಾ ಭಾವ?” ಅಂದ. ನನ್ನ ಭಾಷೆಯಲ್ಲೇ ಹೇಳಿದ್ದರಿಂದ ತಕ್ಷಣ ಅರ್ಥವಾಯಿತು.

ಇನ್ನು ಜಗಳ. ಇಪ್ಪತ್ತು ವರ್ಷದ ಹಿಂದಿನ ಮಾತು. ಮುನಿರಾಜುವಿನ ಲೋಕಲ್ ಚಾನೆಲ್ ಆಗಲೂ ಇತ್ತು, ಈಗಲೂ ಇದೆ. ಊರಿನ ಮದುವೆಗಳ ಕ್ಯಾಸೆಟ್ಟುಗಳನ್ನು, ಬರಲಾಗದಿದ್ದವರು ನೋಡಲಿ ಎಂದು, ಮುಂದಿನ ವಾರ ಅದರಲ್ಲಿ ಹಾಕುವ ಪದ್ಧತಿ. ಕೆಳಗಡೆ ಒಂದು ಪಟ್ಟಿ ಓಡುತ್ತಿತ್ತು. ಟೊಮೆಟೊ ಮಂಡಿಯ ರೇಟು, ನೀರು ಬಿಡುವ ಹೊತ್ತು, ತಪ್ಪಿಸಿಕೊಂಡ ಎಮ್ಮೆ, ಸಾವಿನ ಸುದ್ದಿ.

ನಾರಾಯಣಮ್ಮನವರ ಮಗಳು ಸುಜಾತಳ ಮದುವೆ ಹಾಕಿದ ಸಂಜೆ ಊರಿನ ಹಿರಿಯರೊಬ್ಬರು ತೀರಿಕೊಂಡಿದ್ದರು. ಶ್ರದ್ಧಾಂಜಲಿ ಪಟ್ಟಿಯಲ್ಲಿ ಓಡುತ್ತಿತ್ತು. ಓಡುತ್ತಿದ್ದದ್ದು, ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೆ, ನಿಂತುಬಿಟ್ಟಿತು. ಕಂಪ್ಯೂಟರ್ ಹ್ಯಾಂಗ್. ಮೇಲೆ ಮದುಮಗ ಮದುಮಗಳು, ಗಟ್ಟಿಮೇಳ. ಕೆಳಗೆ, ಅಲುಗಾಡದೆ, “ಅವರ ಆತ್ಮಕ್ಕೆ ಚಿರಶಾಂತಿ ಕೋರುವ ಬಂಧುಮಿತ್ರರು”. ಅಕ್ಷತೆ ಮುಗಿಯಿತು, ಊಟ ಮುಗಿಯಿತು, ಹೆಣ್ಣೊಪ್ಪಿಸುವ ಶಾಸ್ತ್ರವೂ ಮುಗಿಯಿತು. ಚಿರಶಾಂತಿ ಮಾತ್ರ ಕದಲಲಿಲ್ಲ.

ಮುನಿರಾಜು ಆ ಸಂಜೆ ಮಾಲೂರಿನಲ್ಲಿ ಹೊಸ ಆಫೀಸಿನ ಪೂಜೆಯಲ್ಲಿದ್ದ. ಮಾರನೆಯ ದಿನ ಕ್ಷಮೆ ಕೇಳಲು ಓಡಿದ. ನಾರಾಯಣಮ್ಮ ಅವನ ಮುಖದ ಮುಂದೆಯೇ ಗಿರಣಿಯ ಶಟರ್ ಎಳೆದರು. ಅವರ ಮನೆಯ ಕೇಬಲ್ ಕಿತ್ತುಹಾಕಿದರು. ಡಿಟಿಎಚ್ ಬಂದ ಮೇಲೆ ಅದರ ತಟ್ಟೆಯನ್ನು ತಂದು, ಬೇಕೆಂದೇ, ಆ ಡಬ್ಬಿಯ ಪಕ್ಕದಲ್ಲೇ ಕೂರಿಸಿದರು. ಬೆಂಗಳೂರಿನ ಕೋಟುಗಳ ಎದುರು ಕೂತು ಬಂದ ನಮ್ಮ ಮುನಿರಾಜು ಅಲ್ಲಿಂದಾಚೆಗೆ ಪೇಟೆ ಬೀದಿಯಲ್ಲಿ ನಡೆದಿಲ್ಲ. ಹಿಂದಿನ ಗಲ್ಲಿಯಲ್ಲಿ ಹೋಗುತ್ತಾನೆ. ಡಬ್ಬಿಯಲ್ಲಿ ರಿಪೇರಿ ಇದ್ದರೆ ಬಾಷಾ ಒಬ್ಬನೇ ಹೋಗುವುದು.

“ನೀವು ಬನ್ನಿ ಭಾವ. ನಿಮ್ಮ ಮೇಲೆ ಅವ್ರಿಗೆ ಗೌರವ ಇದೆ.”

ಗೌರವ ಇರುವುದು ನನ್ನ ರಾಗಿಯ ಮೇಲೆ. ತಿಂಗಳ ಮೊದಲ ಶನಿವಾರ, ಶಟರ್ ಏಳುವ ಹೊತ್ತಿಗೆ ನಾನು ಚೀಲ ಹಿಡಿದು ಅಲ್ಲಿರುತ್ತೇನೆ. ಇದು ಎರಡನೆಯ ಶನಿವಾರ. ಆದರೂ ಲಲಿತ ಒಂದಷ್ಟು ರಾಗಿ ಚೀಲಕ್ಕೆ ಸುರಿದು ಕೈಗಿತ್ತಳು. ಬರಿಗೈಯಲ್ಲಿ ಹೋದರೆ ಚೆನ್ನಾಗಿರುವುದಿಲ್ಲವಂತೆ.

ಎಂಟು ಗಂಟೆ, ಗಿರಣಿ. ನಾರಾಯಣಮ್ಮನವರ ಹುಬ್ಬಿನ ಮೇಲೂ ಹಿಟ್ಟು. ನನ್ನನ್ನು ಕಂಡವರೇ ಮೋಟರ್ ಆಫ್ ಮಾಡಿದರು.

“ಏಮಿ ಸ್ಟೇಷನ್ ಮಾಸ್ಟ್ರೇ! ಹೋದ ವಾರ ತಾನೇ ಬೀಸ್ಕೊಟ್ಟೆ. ಅಷ್ಟೂ ಮುದ್ದೆ ಮಾಡ್ಕೊಂಡು ತಿಂದ್ಬಿಟ್ರಾ?”

“ರಾಗಿ ನೆಪ ಅಮ್ಮ. ಬಂದಿರೋ ಕೆಲಸ ಬೇರೆ,” ಅಂದೆ. ನನ್ನ ಬೆನ್ನ ಹಿಂದಿನಿಂದ ಮುನಿರಾಜು ಈಚೆ ಬಂದ.

“ಓಹೋ, ಡೈರೆಕ್ಟರ್ ಸಾಹೇಬ್ರು! ದಾರಿ ತಪ್ಪಿ ಬಂದ್ರಾ? ನಿಮ್ಮ ದಾರಿ ಹಿಂದ್ಗಡೆ ಗಲ್ಲಿ ಅಲ್ವಾ?”

“ಅಕ್ಕಾ...”

“ಅಕ್ಕ ಅಂತೆ. ಅಕ್ಕನ ಮಗಳ ಮದುವೆ ಕೆಳಗೆ ಸಾವಿನ ಸುದ್ದಿ ಹಾಕ್ತಾರಾ?”

“ಕಂಪ್ಯೂಟರ್ ಹ್ಯಾಂಗ್ ಆಗಿತ್ತಕ್ಕ. ನಾನು ಊರಲ್ಲಿರ್ಲಿಲ್ಲ.”

“ನಿನಗೆ ಕಂಪ್ಯೂಟರ್ ಹ್ಯಾಂಗು. ನನಗೇನಾಯ್ತು ಅಂತ ಗೊತ್ತೇನೋ ನಿನಗೆ?” ಅವರ ದನಿ ಇಳಿಯಿತು. “ಒಂದು ವರ್ಷ ಫೋನ್ ರಿಂಗಾದ್ರೆ ಎದೆ ಧಸಕ್ ಅನ್ನೋದು. ಅಳಿಯ ಮದನಪಲ್ಲಿಯಿಂದ ಬೈಕಲ್ಲಿ ಹೊರಟ ಅಂದ್ರೆ, ಬಂದು ಸೇರೋ ತಂಕ ದೇವರ ಮುಂದೆ ದೀಪ ಆರದಂಗೆ ನೋಡ್ಕೊಂಡು ಕೂತಿರ್ತಿದ್ದೆ. ಮೊಮ್ಮಗ ಹುಟ್ಟಿದಾಗ್ಲೂ ಅದೇ ಭಯ. ಈಗ್ಲೂ ಕಣ್ಮುಚ್ಚಿದ್ರೆ ಮಗಳ ಮುಖದ ಕೆಳಗೆ ಆ ಅಕ್ಷರ ಕಾಣುತ್ತೆ.”

ಮುನಿರಾಜು ತಲೆ ತಗ್ಗಿಸಿದ. ಇಪ್ಪತ್ತು ವರ್ಷ ನಾವೆಲ್ಲ ಇದನ್ನು ಒಂದು ತಮಾಷೆಯಾಗಿ ಹೇಳಿಕೊಂಡು ತಿರುಗಿದ್ದೆವು. ಯಾರಾದರೂ ಬಂದು ಅವರನ್ನು ಕೇಳಿದ್ದೆವೇ?

ಕೊನೆಗೆ ನಾನೇ ಕೇಳಿದೆ. “ಅಷ್ಟು ಕೋಪ ಇದ್ದೂ ಆ ಡಬ್ಬೀನ ಯಾಕಮ್ಮ ಕಿತ್ತು ಹಾಕಿಸ್ಲಿಲ್ಲ?”

“ಕಿತ್ರೆ ಬೀದಿಗೆಲ್ಲಾ ಟೀವಿ ಹೋಗುತ್ತೆ. ಬೀದಿಯೋರು ನನಗೇನು ಮಾಡಿದ್ರು ಮಾಸ್ಟ್ರೇ?”

ಅವರು ನನ್ನ ರಾಗಿಯನ್ನು ಗಿರಣಿಗೆ ಸುರಿದರು. ಮೋಟರಿನ ಸ್ವಿಚ್ಚಿಗೆ ಕೈ ಹಾಕಿ ನಿಂತರು. “ಸಹಿ ಬೇಕಾದ್ರೆ ಒಂದು ಕೆಲಸ ಮಾಡು. ನನ್ನ ಮಗಳ ಮದುವೆ ಇನ್ನೊಂದ್ಸಲ ಹಾಕು. ಇವತ್ತೇ. ಇಡೀ ಊರಿಗೆ ಕಾಣೋ ಹಂಗೆ. ಕೆಳಗಡೆ ಒಂದಕ್ಷರ ಬಂತೋ, ಡಬ್ಬಿ ನಿನ್ನ ಮನೆಗೆ ಬರುತ್ತೆ.”

ಒಳಗೆ ಹೋಗಿ, ಹಳದಿ ಬಟ್ಟೆಯಲ್ಲಿ ಸುತ್ತಿದ ಕ್ಯಾಸೆಟ್ ತಂದುಕೊಟ್ಟರು. ಆ ಸಂಜೆಯ ನಂತರ ಒಮ್ಮೆಯೂ ಬಿಚ್ಚಿರಲಿಲ್ಲವಂತೆ.

ಕ್ಯಾಸೆಟ್ ಸಿಕ್ಕಿತು, ಸರಿ. ಈ ಕಾಲದಲ್ಲಿ ವಿಸಿಆರ್ ಎಲ್ಲಿದೆ?

ಇತ್ತು. ಮುನಿರಾಜುವಿನ ಮನೆಯ ದೇವರ ಕೋಣೆಯಲ್ಲಿ! ಅವನ ಮೊದಲ ವಿಸಿಆರ್. ಪ್ರತಿ ವರ್ಷ ಆಯುಧಪೂಜೆಗೆ ಅದಕ್ಕೆ ಅರಿಶಿನ, ಕುಂಕುಮ, ಹೂವು, ಅಕ್ಷತೆ, ಮಂಗಳಾರತಿ. ಚಾಲೂ ಮಾಡಿ ಎಷ್ಟು ಕಾಲವಾಯಿತೋ ಅವನಿಗೇ ನೆನಪಿಲ್ಲ. ಹೊತ್ತು ತಂದು ಚಾನೆಲ್ಲಿನ ಕಂಟ್ರೋಲ್ ರೂಮಿನ ಮೇಜಿನ ಮೇಲಿಟ್ಟು ಕ್ಯಾಸೆಟ್ ತಳ್ಳಿದರೆ ಒಳಗೆ ಹೋಗಲೊಲ್ಲದು.

ಬಾಷಾ ಮೇಲಿನ ಮುಚ್ಚಳ ಬಿಚ್ಚಿದ. ನಾವು ಮೂವರೂ ಬಗ್ಗಿ ನೋಡಿದೆವು. ಒಳಗೆಲ್ಲ ಅಕ್ಕಿ. ವರ್ಷ ವರ್ಷ ಕ್ಯಾಸೆಟ್ ಬಾಯಿಂದ ಒಳಗೆ ಬಿದ್ದ ಅಕ್ಷತೆ, ಒಣಗಿದ ಸೇವಂತಿಗೆ ಎಸಳು, ಗಟ್ಟಿಯಾದ ಕುಂಕುಮ.

“ಅಣ್ಣಾ, ಪೂಜೆ ಜಾಸ್ತಿ ಆಗ್ಬಿಟ್ಟಿದೆ,” ಅಂದ ಬಾಷಾ. “ಒಂದು ಪಲಾವ್ ಮಾಡ್ಬೋದು.”

“ಲೇ, ನಗ್ಬೇಡ ಕಣೋ. ನಿನ್ನ ನೌಕರೀನೂ ಅದರೊಳಗೇ ಇದೆ.”

ಬಾಷಾ ನಗು ನಿಲ್ಲಿಸಿ ಬ್ರಷ್ ತೆಗೆದುಕೊಂಡ. ಅಕ್ಕಿಯನ್ನು ಒಂದೊಂದಾಗಿ ಆರಿಸಿ, ಸ್ಪಿರಿಟ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ಬೆಲ್ಟು ಬದಲಿಸುವ ಹೊತ್ತಿಗೆ ಮಧ್ಯಾಹ್ನ ಮೂರಾಯಿತು. ಕ್ಯಾಸೆಟ್ ಹಾಕಿದರು. ಗುರ್‍ರ್ ಅಂತು. ಪರದೆಯ ಮೇಲೆ ಬಿಳಿ ಚುಕ್ಕೆಗಳ ಮಳೆ, ಅಡ್ಡ ಗೆರೆ. ಮುನಿರಾಜುವಿನ ತುಟಿ ಏನೋ ಜಪಿಸುತ್ತಿತ್ತು. ಆಮೇಲೆ, ತೆರೆ ಸರಿದ ಹಾಗೆ, ಓಲಗದವರು ಕಾಣಿಸಿದರು.

ನಾನು ನಾರಾಯಣಮ್ಮನವರ ಮನೆಗೆ ಹೊರಟೆ. ಅಲ್ಲಿನ ಟೀವಿಗೆ ಕೇಬಲ್ಲೇ ಇಲ್ಲವಲ್ಲ! ಬಾಷಾ ತಾರಸಿ ಹತ್ತಿ, ಅವರದೇ ಗೋಡೆಯ ಡಬ್ಬಿಯಿಂದ ಅವರದೇ ಹಾಲ್‌ಗೆ ವೈರು ಇಳಿಸಿ, ಒಂದು ಸೆಟ್‌ಟಾಪ್ ಬಾಕ್ಸ್ ಕೂರಿಸಿದ. ಇಪ್ಪತ್ತು ವರ್ಷ ಇಡೀ ಊರಿಗೆ ಸಿಗ್ನಲ್ ಕಳಿಸಿದ್ದ ಮನೆಗೆ ಸಿಗ್ನಲ್ ಬಂತು.

ನಾಲ್ಕು ಗಂಟೆ. ಹಾಲ್‌ನಲ್ಲಿ ನಾರಾಯಣಮ್ಮ, ಲಲಿತ, ಬೀದಿಯ ಅರ್ಧ ಹೆಂಗಸರು. ಸುದ್ದಿ ಹೇಗೆ ಹರಡಿತೋ, ಒಬ್ಬರು ಬೋಂಡವನ್ನೂ ಕರಿದು ತಂದಿದ್ದರು. ಮದನಪಲ್ಲಿಯಲ್ಲಿರುವ ಸುಜಾತ ವಿಡಿಯೋ ಕಾಲ್‌ನಲ್ಲಿ. ಫೋನನ್ನು ಟೀವಿಯ ಎದುರು ಚೊಂಬಿಗೆ ಒರಗಿಸಿ ಇಟ್ಟಿದ್ದರು.

ಮುನಿರಾಜು ಕಂಟ್ರೋಲ್ ರೂಮಿನಿಂದ ಫೋನ್ ಮಾಡಿದ. “ಪಟ್ಟಿ ತೆಗೆದಿದೀನಿ ಭಾವ. ಜಾಹೀರಾತು ಎಲ್ಲಾ ತೆಗೆದಿದೀನಿ. ಸಿಗ್ನಲ್ ಕೊಡಿ.”

“ಲೈನ್ ಕ್ಲಿಯರ್,” ಅಂದೆ. ಬಾಯಿಗೆ ಅದೇ ಬಂತು.

ಮದುವೆ ಶುರುವಾಯಿತು. “ಅಯ್ಯೋ, ನಾನು ನೋಡೇ, ಎಷ್ಟು ಸಣ್ಣಕ್ಕಿದ್ದೆ!” “ಆ ಸೀರೆ ಇನ್ನೂ ಇದೆಯಾ?” ನಾರಾಯಣಮ್ಮ ಮಾತ್ರ ಮೇಲಿನ ಚಿತ್ರ ನೋಡುತ್ತಲೇ ಇರಲಿಲ್ಲ. ಅವರ ಕಣ್ಣು ಟೀವಿಯ ಕೆಳಗಿನ ಅಂಚಿನ ಮೇಲಿತ್ತು. ಗಟ್ಟಿಮೇಳ ಬಂತು. ಹಾಲ್‌ನಲ್ಲಿ ಎಲ್ಲರೂ ಟೀವಿಯ ಕಡೆ ಬಗ್ಗಿದರು. ಮದುಮಗ ತಾಳಿ ಎತ್ತಿದ, ಕಟ್ಟಿದ. ಕೆಳಗೆ ಏನೂ ಇಲ್ಲ. ಖಾಲಿ.

ಅಷ್ಟರಲ್ಲಿ ಪುರೋಹಿತರ ಹಣೆಯ ಮೇಲೆ ಪಟ್ಟನೆ ಒಂದು ಉದ್ದನೆಯ ನಂಬರ್ ಮೂಡಿತು!

ಅದು ಕಳ್ಳ ರೆಕಾರ್ಡಿಂಗ್ ಹಿಡಿಯಲೆಂದು ಸೆಟ್‌ಟಾಪ್ ಬಾಕ್ಸ್ ತಾನಾಗಿಯೇ ತೋರಿಸುವ ನಂಬರಂತೆ. ಮುನಿರಾಜು ಅದೊಂದನ್ನು ಮರೆತಿದ್ದ. ಎಲ್ಲರೂ ನಾರಾಯಣಮ್ಮನವರ ಕಡೆ ತಿರುಗಿದೆವು. ಅವರು ಕನ್ನಡಕ ಸರಿಪಡಿಸಿಕೊಂಡು ನೋಡಿದರು.

“ನಂಬರ್ ತಾನೇ? ಪರವಾಗಿಲ್ಲ. ಪುರೋಹಿತ್ರ ಹಣೆ ಮೇಲಲ್ವಾ, ಅವ್ರು ನೋಡ್ಕೊಳ್ತಾರೆ.”

ಹಾಲ್‌ಗೆ ಹಾಲೇ ನಕ್ಕಿತು. ಆಗ ಚೊಂಬಿಗೆ ಒರಗಿದ್ದ ಫೋನಿನಿಂದ ಸುಜಾತ ಬಾಯಿ ಹಾಕಿದಳು.

“ಅಮ್ಮಾ, ಚಿರಶಾಂತಿ ಎಲ್ಲೇ? ತೆಗೆದ್ಬಿಟ್ರಾ? ಅದೇ ಚೆನ್ನಾಗಿತ್ತು!”

“ಏನೇ ಅಂತೀಯಾ?”

“ಜಗಳ ಆಡಿದಾಗೆಲ್ಲಾ ನಿನ್ನ ಅಳಿಯ ಅದನ್ನೇ ಹೇಳೋದು. ತಾಳಿ ಕಟ್ಟೋವಾಗ್ಲೇ ನನಗೆ ಚಿರಶಾಂತಿ ಕೋರಿದ್ರು, ಇನ್ನೂ ಸಿಕ್ಕಿಲ್ಲ ಅಂತ. ಮಗ ಕಾಲೇಜಲ್ಲಿ ಫ್ರೆಂಡ್ಸಿಗೆಲ್ಲಾ ಹೇಳಿದಾನೆ.”

ನಾರಾಯಣಮ್ಮ ಚೊಂಬಿನ ಹತ್ತಿರದಿಂದ ಫೋನನ್ನು ಎತ್ತಿ ಮುಖದ ಮುಂದೆ ಹಿಡಿದರು. “ಇಷ್ಟು ವರ್ಷ ನನಗ್ಯಾಕೆ ಹೇಳ್ಲಿಲ್ವೇ?”

“ಆ ಮಾತು ಬಂದ್ರೆ ನೀನು ಅಳ್ತಿದ್ದೆಯಲ್ಲಮ್ಮ. ಯಾರು ಹೇಳ್ತಾರೆ?”

ನಾರಾಯಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹುಬ್ಬಿನ ಹಿಟ್ಟೂ ಹೋಯಿತು. ಆಮೇಲೆ ನಗಲು ಶುರು ಮಾಡಿದರು ನೋಡಿ, ಲಲಿತ ಹೋಗಿ ನೀರು ತರಬೇಕಾಯಿತು. ಎದೆಯ ಮೇಲಿಂದ ಒಂದು ಮೂಟೆ ಇಳಿಸಿದವರ ನಗು ಅದು. ಮಗಳು ನಗುತ್ತಿದ್ದಳು, ಅಮ್ಮನಿಗೆ ನೋವಾಗುತ್ತದೆಂದು ಮುಚ್ಚಿಟ್ಟಳು. ಅಮ್ಮ ಹೆದರುತ್ತಿದ್ದರು, ಮಗಳಿಗೆ ಗೊತ್ತಾಗಬಾರದೆಂದು ಮುಚ್ಚಿಟ್ಟರು. ನಮ್ಮ ಮನೆಗಳಲ್ಲಿ ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಏನು ಮಾತಾಡುತ್ತೇವೆ? ತಿಂಡಿ ಆಯ್ತಾ, ಊಟ ಆಯ್ತಾ.

ನಾಲ್ಕೂ ಮುಕ್ಕಾಲಿಗೆ ಕಂಪನಿಯ ಹುಡುಗ ಬಂದ. ಕೊರಳಲ್ಲಿ ಗುರುತಿನ ಚೀಟಿ. ಬಾಗಿಲಲ್ಲಿ ಚಪ್ಪಲಿಯ ರಾಶಿ ನೋಡಿ ಮೆಲ್ಲಗೆ ಕೇಳಿದ.

“ಏನು ಫಂಕ್ಷನ್ ಸಾರ್?”

“ಮದುವೆ,” ಅಂದೆ.

“ಓ. ಹುಡುಗಿ ಏನು ಓದ್ಕೊಂಡಿದಾರೆ?”

“ಹುಡುಗಿಯ ಮಗ ಪಿಯುಸಿ ಓದ್ತಿದಾನೆ.”

ಅವನು ಬೋಂಡ ತಿಂದ.

ಮುನಿರಾಜು ಓಡುತ್ತಾ ಬಂದ. ಹಿಂದಿನ ಗಲ್ಲಿಯಿಂದಲ್ಲ, ಪೇಟೆ ಬೀದಿಯ ನಡುಮಧ್ಯದಿಂದ. ಬಾಗಿಲಲ್ಲಿ ನಿಂತುಬಿಟ್ಟ.

“ಒಳಗೆ ಬಾರೋ. ಎಲ್ಲಿ ನಿನ್ನ ಪೇಪರ್ರು?” ಅಂದರು ನಾರಾಯಣಮ್ಮ. ಸಹಿ ಹಾಕಿ, ಪೆನ್ನು ಅವನ ಜೇಬಿಗೆ ತಾವೇ ಸಿಕ್ಕಿಸಿದರು. “ಮೊಳೆ ಹೊಡ್ಕೊಳ್ಳಲಾ ಅಂತ ಮೊದಲು ಬಂದಾಗ ಮೆಣಸಿನಕಾಯಿ ತುಳಿದಿದ್ದೆ ನೀನು. ಅದನ್ನೂ ಮರೆತಿಲ್ಲ. ಕೂತ್ಕೋ, ಕಾಫಿ ಕುಡಿ.”

ಮುನಿರಾಜು ಕುಡಿದ. ಎರಡು ಲೋಟ. ಪಕ್ಕದಲ್ಲಿ ಬಾಷಾ, ವೈರು ಕತ್ತರಿಸುವ ಇಕ್ಕಳವನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ಆಚೆಗೆ ತಿರುಗಿಸಿ ಕುಡಿಯುತ್ತಿದ್ದ. ಸೋಮವಾರದಿಂದ ಅವನು ಕಂಪನಿ ನೌಕರ.

ಬರುವಾಗ ಗಿರಣಿಯಿಂದ ನನ್ನ ಹಿಟ್ಟಿನ ಚೀಲ ತೆಗೆದುಕೊಂಡೆ. ಎಲ್ಲ ಗಲಾಟೆಯ ನಡುವೆಯೂ ಬೀಸಿ, ಆರಿಸಿ ಇಟ್ಟಿದ್ದರು. ಮನೆಗೆ ಬಂದು ಡಬ್ಬಕ್ಕೆ ತುಂಬಿ ಮುಚ್ಚಳ ಬಿಗಿ ಮಾಡಿದೆ. ಆ ದಿನದ ಕೊನೆಯ ಕೆಲಸ ಅದು.

ಅಂದ ಹಾಗೆ, ನಿಮ್ಮ ಮನೆಯ ಟೀವಿಗೆ ಬರುವ ವೈರು ಯಾರ ತಾರಸಿಯ ಮೊಳೆಯನ್ನು ಹಿಡಿದುಕೊಂಡು ಬರುತ್ತಿದೆ, ಒಮ್ಮೆ ತಲೆಯೆತ್ತಿ ನೋಡಿದ್ದೀರಾ?